ಹೂಂ ಎನ್ನುವವರಿಗೆ ಮಾತ್ರ ಕಥೆ

ನಾನು ಮುಧೋಳ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ ಮಾಸ್ತರ. ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿಯನ್ನು ಕಥೆಗೆಂದು ಇಟ್ಟುಕೊಂಡಿದ್ದೆ. ಶುಕ್ರವಾರ ರಾತ್ರಿ ಪುಸ್ತಕದಲ್ಲಿ ಓದಿಕೊಳ್ಳುವುದು, ಮರುದಿನ ಒಪ್ಪಿಸುವುದು. ಮೂರನೆಯ ತರಗತಿಯವರು ಮರ್ಯಾದೆಗೆ ಕೇಳುತ್ತಿದ್ದರು. ನಾಲ್ಕನೆಯವರು ಆ ಮರ್ಯಾದೆಯನ್ನೂ ಬಿಟ್ಟಿದ್ದರು. ಒಂದು ಶನಿವಾರ ನನ್ನ ರಾಜಕುಮಾರ ಏಳನೆಯ ಸಮುದ್ರ ದಾಟುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗನೊಬ್ಬ ಗೊರಕೆ ಹೊಡೆದ. ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ಇಡೀ ವರ್ಷ ನನ್ನ ಕಥೆಯ ಅವಧಿಯಲ್ಲಿ ಅವರು ಮನಸಾರೆ ನಕ್ಕಿದ್ದು ಅದೊಂದೇ ಸಲ.

ಹೇಳುವುದನ್ನು ಕಲಿಯಬೇಕಾದರೆ ಮೊದಲು ಚೆನ್ನಾಗಿ ಹೇಳುವವರನ್ನು ಕೇಳಬೇಕು ಎಂದುಕೊಂಡು ಹುಡುಕಲು ಹೊರಟೆ. ಚಹಾದ ಅಂಗಡಿಯಲ್ಲಿ, ಅಗಸಿಯ ಕಟ್ಟೆಯ ಮೇಲೆ, ಕಬ್ಬಿನ ಟ್ರ್ಯಾಕ್ಟರ್ ಕಾಯುತ್ತ ಕುಳಿತವರ ನಡುವೆ, ಎಲ್ಲ ಕಡೆ ಒಂದೇ ಪ್ರಶ್ನೆ: ಇಲ್ಲಿ ಚೆನ್ನಾಗಿ ಕಥೆ ಹೇಳುವವರು ಯಾರಿದ್ದಾರೆ? ಎಲ್ಲ ಕಡೆ ಒಂದೇ ಉತ್ತರ: ಈಗ ಯಾರು ಹೇಳುತ್ತಾರೆ ಮಾಸ್ತರೇ, ಎಲ್ಲರ ಕೈಯಲ್ಲೂ ಮೊಬೈಲ್. ಒಂದು ವರ್ಷ ನಾನು ಅದನ್ನು ನಂಬಿಕೊಂಡೇ ಇದ್ದೆ.

ತಪ್ಪಿದ್ದದ್ದು ಪ್ರಶ್ನೆಯಲ್ಲಿ. ನಮ್ಮ ಕಡೆ ಯಾರೂ ತಮ್ಮನ್ನು ಕಥೆ ಹೇಳುವವರೆಂದು ಕರೆದುಕೊಳ್ಳುವುದಿಲ್ಲ. ಡೊಳ್ಳಿನ ಮೇಳದವರದು ಹಾಡಿಕೆ. ಗೊಂದಲಿಗರು ದೇವಿಯ ಹೆಸರಿನಲ್ಲಿ ಹಾಡಿ ಕುಣಿಯುವ ಗೊಂದಲ ಹಾಕುತ್ತಾರೆ. ಪುರವಂತರು ಹೇಳುವುದು ವೀರಭದ್ರನನ್ನು ಕೊಂಡಾಡುವ ಒಡಪು. ಶ್ರಾವಣ ಪೂರ್ತಿ ಮಠದಲ್ಲಿ ನಡೆಯುವುದು ಪುರಾಣ. ಸವದತ್ತಿಯ ಜೋಗತಿಯರದು ಚೌಡಿಕೆ ಎಂಬ ತಂತಿವಾದ್ಯ ನುಡಿಸುತ್ತ ಹಾಡುವ ಚೌಡಿಕೆ ಪದ. ಹೆಳವರಂತೂ ಎತ್ತಿನ ಮೇಲೆ ಬಂದು ನಿಮ್ಮ ಮುತ್ತಜ್ಜನ ಮುತ್ತಜ್ಜ ಯಾವ ಊರಿನಿಂದ ಯಾಕೆ ಗುಳೆ ಬಂದ ಎಂಬುದನ್ನು ನಿಮ್ಮ ಮನೆಯ ಕಟ್ಟೆಯ ಮೇಲೆಯೇ ಹೇಳಿ, ಕಾಳು ಕಟ್ಟಿಸಿಕೊಂಡು ಹೋಗುತ್ತಾರೆ. ಇವರೆಲ್ಲರ ಹೊಟ್ಟೆಯಲ್ಲೂ ಕಥೆಯೇ ಇರುವುದು, ಹೆಸರು ಮಾತ್ರ ಬೇರೆ. ಮುಂದೆ ನಾನು, ಬರುವ ಅಮಾವಾಸ್ಯೆಗೆ ಎಲ್ಲಿ ಹಾಡಿಕೆ ಇದೆ ಎಂದು ಕೇಳತೊಡಗಿದೆ. ಅದೇ ಚಹಾದ ಅಂಗಡಿಯಲ್ಲಿ ಊರು, ಮೇಳದ ಹೆಸರು, ಕೊನೆಯ ಬಸ್ಸಿನ ಸಮಯ ಎಲ್ಲವೂ ಒಂದೇ ಉಸಿರಿನಲ್ಲಿ ಬಂದವು.

ಮೊದಲು ಹೋದದ್ದು ಬೀರಪ್ಪನ ಜಾತ್ರೆಯೊಂದಕ್ಕೆ. ಎರಡು ಮೇಳ ಎದುರು ಬದುರು. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಕಥೆಯಿಂದಲೇ ಜವಾಬು ಕೊಡಬೇಕು. ಅಕ್ಕ ಮಾಯವ್ವ ತಮ್ಮ ಬೀರಪ್ಪನನ್ನು ಸಾಕಿದ ಭಾಗ ನಡೆದಿತ್ತು. ಹಾಡುವವನು ಕಿವಿಗೆ ಕೈ ಹಚ್ಚಿ ನಾಲ್ಕು ಸಾಲು ಎಳೆಯುತ್ತಿದ್ದ, ನಿಲ್ಲಿಸುತ್ತಿದ್ದ, ಡೊಳ್ಳು ಒಂದು ಸುತ್ತು ಬಡಿದು ನಿಂತ ಮೇಲೆ ಮತ್ತೆ ನಾಲ್ಕು ಸಾಲು. ಮೊದಮೊದಲು ನನಗೆ ಈ ಬಡಿತ ಕಥೆಗೆ ಅಡ್ಡಿ ಎನಿಸಿತು. ರಾತ್ರಿ ಎರಡರ ಸುಮಾರಿಗೆ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಮುದುಕನನ್ನು ನೋಡಿದೆ. ಹಾಡು ನಡೆಯುವಾಗ ಸುಮ್ಮನಿರುತ್ತಿದ್ದ. ಡೊಳ್ಳು ಬಡಿಯುವಾಗ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ಕೇಳಿದ ನಾಲ್ಕು ಸಾಲನ್ನು ಆತ ಆ ಹೊತ್ತಿನಲ್ಲಿ ಕಣ್ಣಿಗೆ ತಂದುಕೊಳ್ಳುತ್ತಿದ್ದ. ನನ್ನ ಶನಿವಾರದ ಕಥೆಯಲ್ಲಿ ಅಂಥ ಒಂದು ಬಡಿತವೂ ಇರಲಿಲ್ಲ. ಗಂಟೆ ಹೊಡೆಯುವುದರೊಳಗೆ ಮುಗಿಸಬೇಕೆಂದು ಒಂದೇ ಸಮನೆ ಓಡುತ್ತಿದ್ದೆ.

ಆಮೇಲೆ ಚಟ ಹತ್ತಿತು. ಹೋದಲ್ಲೆಲ್ಲ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದೆ. ಗೀಗೀ ಪದದ ಹರದೇಶಿ–ನಾಗೇಶಿ ವಾದ ಕೇಳಲು ಇಂಡಿ ತಾಲ್ಲೂಕಿನವರೆಗೂ ಹೋದೆ. ಗಂಡು ಹೆಚ್ಚು ಎನ್ನುವ ಹರದೇಶಿಯವರಿಗಿಂತ ಹೆಣ್ಣು ಹೆಚ್ಚು ಎನ್ನುವ ನಾಗೇಶಿಯವರ ಬಳಿ ಒಳ್ಳೆಯ ಕಥೆಗಳಿವೆ ಎಂಬುದು ನನ್ನ ಖಚಿತ ಅಭಿಪ್ರಾಯ, ಜಗಳಕ್ಕೆ ಬರುವವರು ಬರಲಿ. ಕೌಜಲಗಿ ನಿಂಗಮ್ಮನವರಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಮೂರು ಬೇರೆ ಬೇರೆ ಮೇಳಗಳಿಂದ ನೋಡಿದೆ. ಒಂದೇ ಕಥೆಯನ್ನು ಮೂವರಿಂದ ಕೇಳುವುದು ಮೂರು ಕಥೆಗಳನ್ನು ಒಬ್ಬರಿಂದ ಕೇಳುವುದಕ್ಕಿಂತ ಹೆಚ್ಚು ಕಲಿಸುತ್ತದೆ. ಎಲ್ಲಿ ಹಿಗ್ಗಿಸಿದರು, ಎಲ್ಲಿ ಹಾರಿಸಿದರು ಎಂಬುದು ಆಗಲೇ ಕಾಣುವುದು.

ನಮ್ಮ ತಾಲ್ಲೂಕಿನದೇ ಆದ ಹಲಗಲಿಯ ಬೇಡರ ಲಾವಣಿಯನ್ನೂ ಹೀಗೆಯೇ ತೂಗಿ ನೋಡಿದೆ. 1857ರಲ್ಲಿ ಆಯುಧ ಒಪ್ಪಿಸಿರೆಂದು ಬಂದ ಸರ್ಕಾರಕ್ಕೆ ಬೇಡರು ತಿರುಗಿ ಬಿದ್ದ ಕಥೆ ಅದು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಪಠ್ಯ ನಮಗೆ ಉಳಿದಿದೆ. ಅಚ್ಚಿನಲ್ಲಿ ಓದಿದಾಗ ನನಗೆ ಅದು ಸುದ್ದಿಯಂತೆ ಕಂಡಿತ್ತು. ದಪ್ಪು ಎಂಬ ಚರ್ಮವಾದ್ಯದ ಮೇಲೆ ಕೇಳಿದಾಗ, ಊರಿಗೆ ಬೆಂಕಿ ಬೀಳುವ ಜಾಗದಲ್ಲಿ ಹಾಡುವವನು ದನಿ ಏರಿಸುವ ಬದಲು ಇಳಿಸಿದ. ಆ ಇಳಿತ ಯಾವ ಪುಟದಲ್ಲೂ ಇರಲಿಲ್ಲ.

ಇಷ್ಟಾದರೂ ನನ್ನ ಕಥೆ ಸುಧಾರಿಸಲಿಲ್ಲ. ಮೊಬೈಲಿನ ತುಂಬ ಕಥೆಗಳು, ತರಗತಿಯಲ್ಲಿ ಅದೇ ಆಕಳಿಕೆ.

ನಿಜವಾದ ಪಾಠ ಸಿಕ್ಕಿದ್ದು ಶಾಲೆಯಿಂದ ಎರಡು ಓಣಿ ಆಚೆ. ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ, ಓಣಿಗೆಲ್ಲ ಆಯಿ. ರಾತ್ರಿ ಮೊಮ್ಮಕ್ಕಳಿಗೆ ಕಥೆ ಹೇಳಿಯೇ ಮಲಗಿಸುತ್ತಾಳೆ ಎಂದು ಹುಡುಗಿಯಿಂದ ತಿಳಿಯಿತು. ಜಿಲ್ಲೆ ಸುತ್ತಿ ಬಂದವನಿಗೆ ಮಗ್ಗುಲಿನ ಓಣಿ ತಿಳಿದಿರಲಿಲ್ಲ! ಒಂದು ಸಂಜೆ ಹೋದೆ. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಮೊಬೈಲನ್ನು ಮೊರದ ಪಕ್ಕದಲ್ಲಿಟ್ಟು, ನನ್ನ ದನಿ ನಡುವೆ ಸೇರಬಾರದೆಂದು ಬಾಯಿ ಬಿಗಿದುಕೊಂಡು ಕುಳಿತೆ.

ಏಳು ಮಂದಿ ಅಣ್ಣಂದಿರಿಗೆ ಒಬ್ಬಳೇ ತಂಗಿ ಎಂದು ಆಯಿ ಶುರು ಮಾಡಿದಳು. ಅಣ್ಣಂದಿರು ದುಡಿಯಲು ದೂರ ಹೋದರು. ಅತ್ತಿಗೆಯರು ತಂಗಿಯ ಕೈಗೆ ತೂತು ಕೊಡ ಕೊಟ್ಟು ನೀರಿಗೆ ಕಳಿಸಿದರು. ಅಲ್ಲಿಗೆ ನಿಂತಳು. ಶೇಂಗಾ ಸುಲಿಯುತ್ತಲೇ ಇದ್ದಳು. ನಾನು ಕಾದೆ. ಮುಂದೇನಾಯಿತು ಆಯಿ ಎಂದು ಕೇಳಿದ್ದಕ್ಕೆ, ನೀವು ಕೇಳುತ್ತಿಲ್ಲವಲ್ಲ ಮಾಸ್ತರೇ ಎಂದಳು. ಕೇಳುತ್ತಿದ್ದೇನಲ್ಲ ಎಂದೆ. ಹಾಗಿದ್ದರೆ ಹೂಂ ಎಲ್ಲಿ ಎಂದಳು.

ಅಷ್ಟರಲ್ಲಿ ಮೊಮ್ಮಗಳು ಬಂದು ಎದುರು ಕುಕ್ಕರಗಾಲಿನಲ್ಲಿ ಕುಳಿತಳು. ಕಥೆ ಮತ್ತೆ ಎದ್ದಿತು. ಪ್ರತಿ ಮಾತಿನ ಕೊನೆಗೆ ಹುಡುಗಿಯ ಹೂಂ. ತಂಗಿ ಬಾವಿಗೆ ಹೋದಳು, ಹೂಂ. ಯಾವ ಬಾವಿ? ಅದೇ, ನಮ್ಮ ಗೌಡರ ಬಾವಿಯಂಥದು, ಮೆಟ್ಟಿಲು ಪಾಚಿಗಟ್ಟಿದ್ದು, ಹೂಂ. ತುಂಬಿದ ಕೊಡ ಸೋರಿತು, ಮತ್ತೆ ತುಂಬಿದಳು, ಮತ್ತೆ ಸೋರಿತು, ಹೂಂ. ಅತ್ತಳು. ಇಲ್ಲಿ ಹುಡುಗಿ ಹೂಂ ಎನ್ನಲಿಲ್ಲ. ಆಯಿ ಶೇಂಗಾ ಬಿಟ್ಟು, ಎರಡೂ ಕೈ ಬೊಗಸೆ ಮಾಡಿ, ಬಾವಿಯ ಕಪ್ಪೆಗಳು ಒಂದೊಂದಾಗಿ ಬಂದು ಕೊಡದ ತೂತಿನಲ್ಲಿ ಕುಳಿತುಕೊಂಡದ್ದನ್ನು ಬೆರಳಿನಿಂದ ತೋರಿಸಿದಳು. ಒಂದು ತೂತು, ಒಂದು ಕಪ್ಪೆ. ಇನ್ನೊಂದು ತೂತು, ಇನ್ನೊಂದು ಕಪ್ಪೆ. ಹುಡುಗಿಯಿಂದ ಉದ್ದನೆಯ ಹೂಂ ಬರುವವರೆಗೂ ಕಪ್ಪೆಗಳು ಬರುತ್ತಲೇ ಇದ್ದವು. ಹೂಂ ಬಂದ ಕೂಡಲೇ ಕೊಡ ತಲೆಯ ಮೇಲೇರಿತು.

ಮನೆಗೆ ಬಂದು ಹಳೆಯ ಮುದ್ರಣಗಳನ್ನೆಲ್ಲ ಮತ್ತೆ ಕೇಳಿದೆ. ಎಲ್ಲದರಲ್ಲೂ ಹೂಂ ಇತ್ತು, ನಾನು ಮಾತ್ರ ಗದ್ದಲವೆಂದು ಬಿಟ್ಟಿದ್ದೆ. ಗೀಗೀ ಪದದಲ್ಲಿ ಹಿಮ್ಮೇಳದ ಗೀಯ ಗೀ ಅದೇ. ಗೊಂದಲಿಗರಲ್ಲಿ ಪಕ್ಕಕ್ಕೆ ನಿಂತು ಪೆದ್ದನಂತೆ ಪ್ರಶ್ನೆ ಹಾಕುವವನು ಅದಕ್ಕೇ ಇದ್ದಾನೆ. ಪಾರಿಜಾತದಲ್ಲಿ ನಡುನಡುವೆ ಮಾತು ಹಾಕುವ ದೂತಿಯೂ ಅಷ್ಟೇ. ಡೊಳ್ಳಿನ ಒಂದು ಸುತ್ತಿನ ಬಡಿತವೂ ಒಂದು ದೊಡ್ಡ ಹೂಂ.

ಊರೂರು ತಿರುಗಲಾಗದವರಿಗೆ ಮೊಬೈಲಿನಲ್ಲೂ ಬೇಕಾದಷ್ಟು ಸಿಗುತ್ತದೆ. ಜನಪದ ಕಥೆ ಎಂದು ಹುಡುಕಿದರೆ ಬಣ್ಣಬಣ್ಣದ ಕಾರ್ಟೂನು ಬರುತ್ತದೆ. ಡೊಳ್ಳಿನ ಪದ, ಚೌಡಿಕೆ ಪದ, ಮೊಹರಂ ರಿವಾಯತ್ ಪದ, ಗೀಗೀ ಸವಾಲ್ ಜವಾಬ್ ಎಂದು ಕನ್ನಡದಲ್ಲೇ ಬರೆದು, ಜೊತೆಗೆ ಊರಿನ ಹೆಸರು ಹಾಕಿ. ಸ್ಟುಡಿಯೋದಲ್ಲಿ ಕೀಬೋರ್ಡ್ ಸೇರಿಸಿ ಐದು ನಿಮಿಷಕ್ಕೆ ಕತ್ತರಿಸಿದ್ದನ್ನು ನಾನು ಮುಟ್ಟುವುದಿಲ್ಲ. ಎರಡು ತಾಸಿನದು, ಧ್ವನಿವರ್ಧಕ ಕಿರುಚುವಂಥದು, ನಡುವೆ ಮಗು ಅಳುವಂಥದು ಸಿಕ್ಕರೆ ಅದೇ ನನಗೆ ಬೇಕಾದದ್ದು. ಅದರಲ್ಲಿ ಜನ ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದು ಕೇಳಿಸುತ್ತದೆ. ಒಂದೇ ಮುದ್ರಣವನ್ನು ಮೂರು ಸಲ ಕೇಳುತ್ತೇನೆ: ಮೊದಲು ಕಥೆಗೆ, ಆಮೇಲೆ ನಿಲುಗಡೆಗಳಿಗೆ, ಕೊನೆಗೆ ಕೇಳುಗರಿಗೆ. ಮೂರನೆಯದರಲ್ಲೇ ಹೆಚ್ಚು ಸಿಗುವುದು.

ಈಗ ಶನಿವಾರ ತರಗತಿಯಲ್ಲಿ ಹೂಂ ಎನ್ನಲು ಒಂದು ಮಗುವನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ. ಪಾಳಿ ಹಚ್ಚಿದ್ದೇನೆ, ಅದಕ್ಕೂ ಜಗಳ ನಡೆಯುತ್ತದೆ. ಗೊರಕೆ ಹೊಡೆದಿದ್ದವನ ಹೂಂ ಎಲ್ಲರಿಗಿಂತ ಜೋರು.

ಕಳೆದ ತಿಂಗಳು ಧೈರ್ಯ ಮಾಡಿ ಆಯಿಯ ಕಥೆಯನ್ನು ಆಯಿಗೇ ಹೇಳಿದೆ. ಮೊರ ಪಕ್ಕಕ್ಕಿಟ್ಟು ಹೂಂ ಎನ್ನುತ್ತ ಕುಳಿತಳು. ಬಾವಿ ದಾಟಿತು, ಕಪ್ಪೆಗಳು ದಾಟಿದವು. ಅಣ್ಣಂದಿರು ಮನೆಗೆ ಬರುವಲ್ಲಿ ಹೂಂ ನಿಂತಿತು. ನಾನು ಇನ್ನೊಂದು ಮಾತು ಹೇಳಿ ನೋಡಿದೆ. ಇಲ್ಲ. ಏಳು ಮಂದಿ ಎಂದಿದ್ದಿರಿ, ಒಬ್ಬನನ್ನೇ ಮನೆಗೆ ಕರೆತಂದಿರಿ, ಉಳಿದ ಆರು ಮಂದಿಯನ್ನು ಎಲ್ಲಿ ಬಿಟ್ಟು ಬಂದಿರಿ ಮಾಸ್ತರೇ ಎಂದು ಕೇಳಿದಳು. ಹಿಂದಕ್ಕೆ ಹೋಗಿ ಒಬ್ಬೊಬ್ಬರನ್ನಾಗಿ ಹೊಸ್ತಿಲು ದಾಟಿಸಿದೆ. ಏಳನೆಯವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಮೇಲೆಯೇ ಆಯಿ ಹೂಂ ಎಂದದ್ದು.