ರಾತ್ರಿ ಗಾಡಿ ಕೆಟ್ಟು ನಿಂತರೆ: ಹಿಂದೆ ಬರುವವನಿಗೆ ಮೊದಲು ಕಾಣಬೇಕು

ಹಾಸನದಿಂದ ಮಂಗಳೂರು ಏರ್‌ಪೋರ್ಟಿಗೆ ರಾತ್ರಿ ಬಾಡಿಗೆ ಓಡಿಸುವುದು ನನ್ನ ಕೆಲಸ. ಸಕಲೇಶಪುರ, ದೋಣಿಗಾಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿದರೆ ಗುಂಡ್ಯ. ಈ ದಾರಿಯಲ್ಲಿ ಪಂಕ್ಚರ್ ಆಗುತ್ತದೆ, ಬೆಲ್ಟ್ ಕಟ್ ಆಗುತ್ತದೆ, ಇಂಜಿನ್ ಹೀಟ್ ಆಗುತ್ತದೆ. ಅದೆಲ್ಲ ರಿಪೇರಿ ಆಗುವ ವಿಷಯ. ನಿಂತ ಗಾಡಿ ಹಿಂದಿನಿಂದ ಬರುವ ಲಾರಿಯವನ ಕಣ್ಣಿಗೆ ಬೀಳಲಿಲ್ಲ ಅಂದರೆ ಮಾತ್ರ ರಿಪೇರಿ ಇಲ್ಲ. ಹಾಗಾಗಿ ಕತ್ತಲಲ್ಲಿ ಕಾಣಿಸಿಕೊಳ್ಳಲು ಬೇಕಾದ ಸಾಮಾನು ಕೊಳ್ಳುವ ಮೊದಲು ಒಂದು ಸಣ್ಣ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ.

ಗಂಟೆಗೆ 80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಡ್ರೈವರ್ ನೋಡಿ, ಏನೋ ಇದೆ ಅಂತ ಗೊತ್ತಾಗಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್. ಅಲ್ಲಿಗೆ 33 ಮೀಟರ್ ಹೋಯ್ತು. ಆಮೇಲೆ ಒಣ ರಸ್ತೆಯಲ್ಲಿ ಕಾರು ನಿಲ್ಲಲು ಇನ್ನೊಂದು 35–40 ಮೀಟರ್ ಬೇಕು. ಲೋಡ್ ಲಾರಿ, ಮಳೆ, ಇಳಿಜಾರು ಸೇರಿದರೆ ಇನ್ನೂ ಜಾಸ್ತಿ. ಡಿಮ್ ಲೈಟಿನಲ್ಲಿ ದೀಪವಿಲ್ಲದ ಕಪ್ಪು ಗಾಡಿ ಕಾಣುವುದೇ 50 ಮೀಟರ್ ಆಸುಪಾಸಿನಲ್ಲಿ. ಅಂದರೆ ಕಾಣುವ ಹೊತ್ತಿಗೆ ಅವನ ಕೈ ಮೀರಿರುತ್ತದೆ.

ಈಗ ನಮ್ಮ ಜನ ಟ್ರಯಾಂಗಲ್, ಅಂದರೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ತ್ರಿಕೋನ, ಎಲ್ಲಿಡುತ್ತಾರೆ ನೋಡಿ. ಡಿಕ್ಕಿಯಿಂದ ತೆಗೆದು, ಬಂಪರ್ ಹಿಂದೆ ಹತ್ತು ಹೆಜ್ಜೆಗೆ ಇಟ್ಟು ವಾಪಸ್ ಬಂದುಬಿಡುತ್ತಾರೆ. ಹತ್ತು ಹೆಜ್ಜೆ ಅಂದರೆ ಏಳೆಂಟು ಮೀಟರ್. 80ರಲ್ಲಿ ಬರುವವನಿಗೆ ಅರ್ಧ ಸೆಕೆಂಡೂ ಸಿಗಲಿಲ್ಲ. ಅದೇ ಟ್ರಯಾಂಗಲ್ಲನ್ನು 100 ಮೀಟರ್ ಹಿಂದೆ ಇಟ್ಟರೆ ನಾಲ್ಕೂವರೆ ಸೆಕೆಂಡ್ ಸಿಗುತ್ತದೆ. ನಮ್ಮ ಸಾಮಾನ್ಯ ಹೆಜ್ಜೆ ಮುಕ್ಕಾಲು ಮೀಟರ್ ಅಂತ ಹಿಡಿದರೆ 100 ಮೀಟರಿಗೆ 130–140 ಹೆಜ್ಜೆ. ನಡೆಯುವಾಗ ದೂರ ಅನ್ನಿಸುತ್ತದೆ, ಆದರೂ ನಡೆಯಿರಿ. ಊರೊಳಗೆ, ನಿಧಾನದ ರಸ್ತೆಯಲ್ಲಿ 50 ಮೀಟರ್ ಸಾಕು. ಹೈವೇಯಲ್ಲಿ 100ಕ್ಕಿಂತ ಕಮ್ಮಿ ಬೇಡ.

ಘಾಟಿಯಲ್ಲಿ ಮೀಟರ್ ಲೆಕ್ಕಕ್ಕಿಂತ ತಿರುವು ಮುಖ್ಯ. ತಿರುವು ದಾಟಿ ಇಪ್ಪತ್ತು ಹೆಜ್ಜೆಗೆ ನಿಮ್ಮ ಗಾಡಿ ನಿಂತಿದೆ ಅಂದುಕೊಳ್ಳಿ. ತಿರುವಿನ ಈಚೆ ಟ್ರಯಾಂಗಲ್ ಇಟ್ಟರೆ ಬರುವವನಿಗೆ ಟ್ರಯಾಂಗಲ್ಲೂ ಗಾಡಿಯೂ ಒಟ್ಟಿಗೇ ಕಾಣುತ್ತವೆ. ಏನು ಪ್ರಯೋಜನ? ತಿರುವಿನ ಆಚೆ, ಅವನು ಇನ್ನೂ ನೇರ ರಸ್ತೆಯಲ್ಲಿ ಇರುವಾಗಲೇ ಕಾಣುವ ಹಾಗೆ ಇಡಬೇಕು. ಎರಡು ಲೇನಿನ ರಸ್ತೆಯಾದರೆ ಎದುರಿನಿಂದ ಬರುವವರಿಗೂ ಒಂದು ಬೇಕು, ಓವರ್‌ಟೇಕ್ ಮಾಡಿಕೊಂಡು ನಿಮ್ಮ ಕಡೆಗೇ ನುಗ್ಗುವವರು ಇರುತ್ತಾರಲ್ಲ. ಹೊಸ ಕಾರಿನ ಜೊತೆ ಒಂದು ಟ್ರಯಾಂಗಲ್ ಬರುತ್ತದೆ, ಇನ್ನೊಂದು ನೀವು ತಗೊಳ್ಳಿ.

ತಗೊಳ್ಳುವಾಗ ಕಾಲು ನೋಡಿ. ಬಣ್ಣ ಎಲ್ಲದರಲ್ಲೂ ಚೆನ್ನಾಗೇ ಇರುತ್ತದೆ. ಹಗುರ ಪ್ಲಾಸ್ಟಿಕ್ ಕಾಲಿನದು ಒಂದು ಟ್ಯಾಂಕರ್ ಪಕ್ಕದಲ್ಲಿ ಹೋದ ಗಾಳಿಗೇ ಮಗುಚಿ ಬೀಳುತ್ತದೆ. ಕಬ್ಬಿಣದ ಕಾಲು, ಅಡಿಯಲ್ಲಿ ರಬ್ಬರ್, ಅಗಲಕ್ಕೆ ಚಾಚಿಕೊಳ್ಳುವಂಥದ್ದು ಬೇಕು. ಅಂಗಡಿಯಲ್ಲೇ ಬಿಚ್ಚಿ ಜೋಡಿಸಿ ನೋಡಿ. ಕತ್ತಲಲ್ಲಿ, ಮಳೆಯಲ್ಲಿ, ಕೈ ನಡುಗುವಾಗ ಅದರ ಕ್ಲಿಪ್ ಹುಡುಕುವುದು ಯಾರಿಗೂ ಬೇಡ.

ಇನ್ನೊಂದು ಮಾತು. ಟ್ರಯಾಂಗಲ್ ಇಡಲು ಹೋಗುವುದೇ ಅಪಾಯ. ಸ್ಪೇನ್ ದೇಶದಲ್ಲಿ ಇಡಲು ಹೋದವರೇ ಗಾಡಿಗೆ ಸಿಕ್ಕಿ ಸಾಯುತ್ತಿದ್ದರು ಅಂತ 2026ರ ಜನವರಿಯಿಂದ ಅದರ ಬದಲು ಕಾರಿನ ಟಾಪ್ ಮೇಲೆ ಇಡುವ ಮಿಣುಕು ದೀಪವನ್ನೇ ಕಡ್ಡಾಯ ಮಾಡಿದ್ದಾರೆ. ನಮ್ಮಲ್ಲೂ ಅಂಥ ಮ್ಯಾಗ್ನೆಟ್ ಇರುವ ಹಳದಿ ದೀಪ ಸಿಗುತ್ತದೆ. ನನ್ನ ಹತ್ತಿರ ಒಂದಿದೆ. ಮೊದಲು ಅದನ್ನು ಟಾಪ್‌ಗೆ ಅಂಟಿಸುತ್ತೇನೆ, ಆಮೇಲೆ ಟ್ರಯಾಂಗಲ್. ಹೋಗುವಾಗ ಟ್ರಯಾಂಗಲ್ಲನ್ನು ಬಿಡಿಸಿ, ಹೊಳೆಯುವ ಮುಖ ಬರುವ ಗಾಡಿಗಳ ಕಡೆಗೆ ಮಾಡಿ ಎದೆಯ ಮುಂದೆ ಹಿಡಿದು ನಡೆಯಿರಿ. ರಸ್ತೆಯ ಮೇಲೆ ಬೇಡ, ಅಂಚಿನಾಚೆ ಮಣ್ಣಿನಲ್ಲಿ. ವಾಪಸ್ ಬರುವಾಗ ಬೆನ್ನು ಗಾಡಿಗಳ ಕಡೆಗಿರುತ್ತದೆ, ಆಗಾಗ ತಿರುಗಿ ನೋಡಬೇಕು. ಕಾಲಿಡಲೂ ಜಾಗ ಇಲ್ಲದ ಕಡೆ ಹೋಗಲೇಬೇಡಿ. ಅಲ್ಲಿ ಟಾಪ್ ಮೇಲಿನ ದೀಪವೇ ಗತಿ.

ಇದೆಲ್ಲ ಎಲ್ಲಿಡುವುದು? ಡಿಕ್ಕಿಯಲ್ಲಿ ಅಂತೂ ಬೇಡ. ಏರ್‌ಪೋರ್ಟ್ ಪ್ಯಾಸೆಂಜರ್ ಅಂದರೆ ನಾಲ್ಕು ಸೂಟ್‌ಕೇಸು, ಎರಡು ಹಲಸಿನ ಹಣ್ಣು, ಒಂದು ತೆಂಗಿನಕಾಯಿ ಚೀಲ. ಅದರಡಿಯಿಂದ ಟ್ರಯಾಂಗಲ್ ತೆಗೆಯಲು ಹೈವೇ ಅಂಚಿನಲ್ಲಿ ಐದು ನಿಮಿಷ ಬಗ್ಗಿ ನಿಲ್ಲಬೇಕಾಗುತ್ತದೆ. ನನ್ನ ಗಾಡಿಯಲ್ಲಿ ಎರಡೂ ಟ್ರಯಾಂಗಲ್ ಡ್ರೈವರ್ ಸೀಟಿನ ಹಿಂಬದಿ, ಕಾಲಿಡುವ ಜಾಗದಲ್ಲಿ ಇರುತ್ತವೆ. ಹೊಳೆಯುವ ಪಟ್ಟಿ ಇರುವ ರಿಫ್ಲೆಕ್ಟರ್ ಜಾಕೆಟ್ ಡ್ರೈವರ್ ಬಾಗಿಲಿನ ಪಾಕೆಟ್ಟಿನಲ್ಲಿ. ಜಾಕೆಟ್ ಹಾಕಿಕೊಂಡ ಮೇಲೇ ಬಾಗಿಲು ತೆಗೆಯುವುದು.

ಜಾಕೆಟ್ ಬಗ್ಗೆ ತುಂಬಾ ಜನರಿಗೆ ತಪ್ಪು ಕಲ್ಪನೆ ಇದೆ. ಆ ಗಿಳಿ ಹಸಿರು, ಕಿತ್ತಳೆ ಬಣ್ಣ ಇರುವುದು ಹಗಲಿಗೆ. ಬಿಸಿಲಿನಲ್ಲಿ ಕಣ್ಣಿಗೆ ಹೊಡೆಯುತ್ತದೆ, ರಾತ್ರಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ಕೆಲಸ ಮಾಡುವುದು ಬೂದು ಬಣ್ಣದ ಪಟ್ಟಿ. ಅದು ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುತ್ತದೆ. ಅಂದರೆ ಹೆಡ್‌ಲೈಟ್ ಹಿಂದೆ ಕೂತ ಡ್ರೈವರ್ ಕಣ್ಣಿಗೆ. ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಸ್ವಲ್ಪ ದೂರದಿಂದ ಫೋಟೋ ತೆಗೆಯಿರಿ. ಅಸಲಿ ಪಟ್ಟಿ ಫೋಟೋದಲ್ಲಿ ಬೆಳ್ಳಗೆ ಉರಿಯುತ್ತದೆ. ನಕಲಿಯದು ಸುಮ್ನೆ ಬೂದು ಬಟ್ಟೆಯಾಗೇ ಉಳಿಯುತ್ತದೆ. ಅಂಗಡಿಯವನು ಮುಖ ಕಿವಿಚಬಹುದು, ಕಿವಿಚಲಿ.

ಗೂಡ್ಸ್ ಗಾಡಿ, ಟ್ರ್ಯಾಕ್ಟರ್ ಇರುವವರು ರೇಡಿಯಂ ಟೇಪ್ (ಗಾಡಿಗೆ ಅಂಟಿಸುವ ಹೊಳೆಯುವ ಪಟ್ಟಿ) ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಟೇಪಿನ ಮೇಲೆ ಎಐಎಸ್-090 ಅನ್ನುವ ಗುಣಮಟ್ಟದ ಗುರುತು ಇದೆಯಾ ನೋಡಿ. ಕಬ್ಬಿನ ಕಾಲದಲ್ಲಿ ಮಂಡ್ಯ ಕಡೆ ರಾತ್ರಿ ಹೋದವರಿಗೆ ಗೊತ್ತು, ಟ್ರೇಲರ್ ಹಿಂದೆ ಟೇಪ್ ಅಂಟಿಸಿಯೇ ಇರುತ್ತಾರೆ, ಅದರ ಮೇಲೆ ಎರಡು ಅಡಿ ಕಬ್ಬು ಜೋತು ಬಿದ್ದಿರುತ್ತದೆ. ಕಬ್ಬಿನ ತುದಿಗೇ ಒಂದು ರಿಫ್ಲೆಕ್ಟರ್ ಬಟ್ಟೆ ಕಟ್ಟಿದರೆ ಮುಗಿಯಿತು. ಕೆಸರು ಹಿಡಿದ ಟೇಪೂ ಹೊಳೆಯುವುದಿಲ್ಲ. ಟೀ ಕುಡಿಯಲು ನಿಲ್ಲಿಸಿದಾಗ ಒದ್ದೆ ಬಟ್ಟೆಯಲ್ಲಿ ಟೇಪನ್ನೂ ಹಿಂದಿನ ಲೈಟನ್ನೂ ಒರೆಸಿ.

ಟಾರ್ಚ್ ತಲೆಗೆ ಕಟ್ಟುವಂಥದ್ದೇ ಇರಲಿ. ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ನಟ್ ಬಿಚ್ಚುವವರನ್ನು ನೋಡಿದ್ದೇನೆ, ಫೋನ್ ಚಾರ್ಜೂ ಹೋಯ್ತು, ನಟ್ಟೂ ಕತ್ತಲಲ್ಲಿ ಉರುಳಿತು. ಚಾರ್ಜ್ ಮಾಡುವ ಟಾರ್ಚ್ ಸುಮ್ನೆ ಇಟ್ಟರೂ ಇಳಿದುಹೋಗುತ್ತದೆ, ತಿಂಗಳಿಗೊಮ್ಮೆ ನೋಡಿ. ಸೆಲ್ ಹಾಕುವ ಟಾರ್ಚ್ ಆದರೆ ಸೆಲ್ಲನ್ನು ಹೊರಗೆ ತೆಗೆದು ಪಕ್ಕದಲ್ಲೇ ರಬ್ಬರ್ ಬ್ಯಾಂಡ್ ಹಾಕಿಡಿ.

ಇನ್ನು ನಿಲ್ಲಿಸುವುದು. ಪಂಕ್ಚರ್ ಆಯ್ತು ಅಂತ ಆದ ಜಾಗದಲ್ಲೇ ನಿಲ್ಲಿಸಬೇಡಿ. ಹಜಾರ್ಡ್ ಲೈಟ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವುದು) ಹಾಕಿಕೊಂಡು ಹತ್ತು-ಹದಿನೈದರ ಸ್ಪೀಡಿನಲ್ಲಿ ಜಾಗ ಸಿಗುವವರೆಗೆ ಹೋಗಿ. ಟೈರ್ ಹಾಳಾಗುತ್ತದೆ, ರಿಮ್ಮೂ ಹೋಗಬಹುದು. ಹೋಗಲಿ ಬಿಡಿ, ದುಡ್ಡಿಗೆ ಸಿಗುವ ಸಾಮಾನು.

ನಿಂತ ಮೇಲೆ ಮೊದಲ ಕೆಲಸ ಜನರನ್ನು ಇಳಿಸುವುದು. ದೋಣಿಗಾಲ್ ಹತ್ತಿರ ಒಮ್ಮೆ ಟೈರ್ ಹೋದಾಗ ಹಿಂದಿನ ಸೀಟಿನಲ್ಲಿ ಒಬ್ಬರು ಅಜ್ಜಿ ಇದ್ದರು. ಸಣ್ಣಗೆ ಮಳೆ, ಚಳಿ ಬೇರೆ.

"ಅಜ್ಜಿ, ಸ್ವಲ್ಪ ಇಳೀಬೇಕು."

"ನಾನು ಒಳಗೇ ಕೂತಿರ್ತೀನಿ ಬಿಡಪ್ಪಾ, ಮಂಡಿ ನೋವು."

"ಒಳಗೆ ಕೂತ್ರೆ ಜಾಕಿ ಏರಲ್ಲ ಅಜ್ಜಿ."

ಅಜ್ಜಿ ಒಬ್ಬರ ಭಾರಕ್ಕೆ ಜಾಕಿ ಏರದೇ ಏನಿಲ್ಲ. ಆದರೆ "ಲಾರಿ ಬಂದು ಗುದ್ದಬಹುದು" ಅಂತ ಅವರಿಗೆ ಹೇಳುವುದು ಹೇಗೆ? ಎಡಗಡೆ ಬಾಗಿಲಿಂದ ಇಳಿಸಿ, ಕಬ್ಬಿಣದ ತಡೆಗೋಡೆಯ ಆಚೆ ಕೊಡೆ ಹಿಡಿದು ನಿಲ್ಲಿಸಿದೆವು. ಅಜ್ಜಿಯ ಮಗ ಕಾರಿನ ಮುಂದೆ ಹೋಗಿ ನಿಂತಿದ್ದರು. "ಸಾರ್, ಅಲ್ಲಿ ಬೇಡ, ಹಿಂದಕ್ಕೆ ಬಂದು ಅಮ್ಮನ ಪಕ್ಕ ನಿಂತ್ಕೊಳ್ಳಿ" ಅಂದೆ. ನಿಂತ ಕಾರಿಗೆ ಹಿಂದಿನಿಂದ ಗುದ್ದಿದರೆ ಅದು ಮುಂದಕ್ಕೇ ಚಿಮ್ಮುತ್ತದೆ. ಹಾಗಾಗಿ ಎಲ್ಲರೂ ರಸ್ತೆಯಿಂದ ದೂರ, ಕಾರಿಗಿಂತ ಸ್ವಲ್ಪ ಹಿಂದೆ ನಿಲ್ಲಬೇಕು.

ಟೈರ್ ಬಿಚ್ಚುವಾಗ ನಿಮ್ಮ ಮೈ ಹಿಂದಿನ ಲೈಟಿಗೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ. ಇಬ್ಬರು ಮೂವರು ಕುತೂಹಲಕ್ಕೆ ಹಿಂದೆ ನಿಂತುಬಿಟ್ಟರೆ ಎರಡೂ ಲೈಟ್ ಮುಚ್ಚಿಹೋಗುತ್ತದೆ. ಕೆಲವು ಗಾಡಿಗಳಲ್ಲಿ ಹಿಂದಿನ ಲೈಟಿನ ಅರ್ಧ ಭಾಗ ಡಿಕ್ಕಿ ಬಾಗಿಲಿನಲ್ಲೇ ಇರುತ್ತದೆ, ಬಾಗಿಲು ಎತ್ತಿದರೆ ಅದು ಆಕಾಶಕ್ಕೆ ಬೆಳಕು ಹೊಡೆಯುತ್ತಿರುತ್ತದೆ. ಸ್ಟೆಪ್ನಿ ತೆಗೆದ ಕೂಡಲೇ ಬಾಗಿಲು ಹಾಕಿ. ಹೆಡ್‌ಲೈಟ್ ಆರಿಸಿ ಪಾರ್ಕಿಂಗ್ ಲೈಟ್, ಹಜಾರ್ಡ್ ಮಾತ್ರ ಬಿಡಿ. ಇಲ್ಲದಿದ್ದರೆ ಎದುರಿನವನ ಕಣ್ಣು ಕುಕ್ಕುತ್ತದೆ.

ಘಾಟಿಯಲ್ಲಿ ಚಕ್ರಕ್ಕೆ ಇಳಿಜಾರಿನ ಕಡೆಯಿಂದ ಅಡ್ಡ ಕೊಡಬೇಕು. ನಾನು ಓರೆಯಾಗಿ ಕೊಯ್ಸಿದ ಎರಡು ಮರದ ತುಂಡು ಇಟ್ಟುಕೊಂಡಿದ್ದೇನೆ. ಕಲ್ಲು ಕೊಡುವವರಿಗೆ ಒಂದು ಬೇಡಿಕೆ: ಹೋಗುವಾಗ ಅದನ್ನು ಎತ್ತಿ ಚರಂಡಿ ಆಚೆ ಎಸೆಯಿರಿ. ಲಾರಿಯವರು ಸೊಪ್ಪಿನ ಕೊಂಬೆ, ಕಲ್ಲಿನ ಸಾಲು ಇಟ್ಟು, ರಿಪೇರಿ ಆದ ಮೇಲೆ ಹಾಗೇ ಬಿಟ್ಟು ಹೋಗುತ್ತಾರೆ. ನಡುರಾತ್ರಿ ಬೈಕಿನವನಿಗೆ ಆ ಕಲ್ಲೇ ಯಮ. ಇದಕ್ಕೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಫೋನಿನಲ್ಲಿ ಮೂರು ನಂಬರ್ ಸೇವ್ ಮಾಡಿಡಿ. ಪೊಲೀಸ್ ಸೇರಿ ಎಲ್ಲ ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033. ಅವರು ಮೊದಲು ಕೇಳುವುದೇ "ಎಲ್ಲಿದ್ದೀರಾ?" ಕತ್ತಲಲ್ಲಿ "ಕಾಡಿನ ಮಧ್ಯ" ಅಂದರೆ ಯಾರಿಗೆ ಗೊತ್ತಾಗುತ್ತದೆ? ಹೋಗುವಾಗ ಕಿಲೋಮೀಟರ್ ಕಲ್ಲಿನ ಕಡೆ ಒಂದು ಕಣ್ಣಿರಲಿ. ಘಾಟಿಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112 ಹೋಗುತ್ತದೆ. ಯಾವುದೂ ಇಲ್ಲದಿದ್ದರೆ ಕೆಳಗಿಳಿಯುವ ಬಸ್ಸಿನವರ ಹತ್ತಿರ ಹೇಳಿ ಕಳಿಸುವುದು. ಸಕಲೇಶಪುರ, ಆಲೂರು ಕಡೆ ಆನೆ ಓಡಾಡುತ್ತವೆ. ನೀರು ತರುತ್ತೇನೆ ಅಂತ ಬಾಟಲಿ ಹಿಡಿದು ಪೊದೆಯೊಳಗೆ ಇಳಿಯಬೇಡಿ, ಗಾಡಿಯಲ್ಲೇ ಐದು ಲೀಟರ್ ಕ್ಯಾನ್ ಇರಲಿ.

ಉಳಿದದ್ದು ಬೇಗ ಹೇಳುತ್ತೇನೆ. ಒಂದು ಕೆ.ಜಿ. ಬೆಂಕಿ ಆರಿಸುವ ಸಿಲಿಂಡರ್, ಮುಳ್ಳು ಹಸಿರಿನಲ್ಲಿ ಇರಬೇಕು. ಫಸ್ಟ್ ಏಡ್ ಬಾಕ್ಸ್ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ತಪಾಸಣೆಗೆ) ತೋರಿಸಲಿಕ್ಕೆ ಮಾತ್ರ ಅಲ್ಲ, ಬ್ಯಾಂಡೇಜು ತೆಗೆದು ನೋಡಿ, ಎಷ್ಟೋ ಸಲ ಅಂಟೇ ಒಣಗಿರುತ್ತದೆ. ಬ್ಯಾಟರಿ ಕೇಬಲ್, ಕೈಗವಸು, ಸ್ಟೆಪ್ನಿಯಲ್ಲಿ ಗಾಳಿ.

ಮಂಜಿನಲ್ಲಿ ಹಜಾರ್ಡ್ ಹಾಕಿಕೊಂಡು ಗಾಡಿ ಓಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ ಆಗಿದೆ. ಹಾಗೆ ಮಾಡಿದರೆ ನೀವು ಓಡುತ್ತಿದ್ದೀರೋ ನಿಂತಿದ್ದೀರೋ ಹಿಂದಿನವನಿಗೆ ಗೊತ್ತಾಗುವುದಿಲ್ಲ. ತಿರುಗಲು ಇಂಡಿಕೇಟರ್ ಹಾಕಿದರೂ ಕಾಣುವುದಿಲ್ಲ. ಡಿಮ್ ಲೈಟ್, ಫಾಗ್ ಲೈಟ್ ಸಾಕು. ಹಜಾರ್ಡ್ ನಿಂತ ಗಾಡಿಗೆ.

ಬೇರೆಯವರ ಗಾಡಿ ಆಕ್ಸಿಡೆಂಟ್ ಆಗಿದ್ದರೆ ಕೇಸಿಗೆ ಹೆದರಿ ಮುಂದೆ ಹೋಗಬೇಡಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಬಂದಿದೆ. ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ನಿಮ್ಮ ಗಾಡಿ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಜಾಕೆಟ್ ಹಾಕಿ, ಅವರ ಹಿಂದೆ ನಿಮ್ಮ ಟ್ರಯಾಂಗಲ್ ಇಟ್ಟು ಆಮೇಲೆ ಗಾಯಾಳುವಿನ ಹತ್ತಿರ ಹೋಗಿ.

ಟೈರ್ ಹಾಕಿ ಮುಗಿದ ಮೇಲೆ ಜಾಕಿ, ಸ್ಪ್ಯಾನರ್, ಮರದ ತುಂಡು ಒಳಗಿಡಿ, ಇಂಜಿನ್ ಸ್ಟಾರ್ಟ್ ಮಾಡಿ ನೋಡಿ. ಟ್ರಯಾಂಗಲ್ ತರುವುದು ಅದಾದ ಮೇಲೆ. ತಂದ ಮೇಲೇ ಜನರನ್ನು ಹತ್ತಿಸಿ, ಟಾಪ್ ಮೇಲಿನ ದೀಪ ಕೊನೆಗೆ ಕೀಳಿ. ಜಾಕೆಟ್ಟನ್ನು ಮನೆಗೆ ಹೋಗಿ ತಣ್ಣೀರಿನಲ್ಲಿ ಕೈಯಲ್ಲೇ ಒಗೆದು ನೆರಳಿನಲ್ಲಿ ಒಣಗಿಸಿ. ಬ್ರಷ್ ಹಾಕಿ ಉಜ್ಜಿದರೆ, ಇಸ್ತ್ರಿ ಮಾಡಿದರೆ ಆ ಬೂದು ಪಟ್ಟಿ ಕಿತ್ತುಹೋಗುತ್ತದೆ.