ನಲವತ್ತಮೂರರ ಬೆನ್ನುಹತ್ತಿ

ಯೂರಿಯಾ ಹಾಕಿದರೆ ನೀರು ತಣ್ಣಗಾಗುತ್ತದೆ. ಊರಲ್ಲಿ ಅಪ್ಪ ಬೆಳೆಗೆ ಸಿಂಪಡಿಸಲು ಬಕೆಟ್ಟಿನಲ್ಲಿ ಯೂರಿಯಾ ಕದಡುವಾಗ ಅದರ ಹೊರಮೈಗೆ ಕೆನ್ನೆ ಒತ್ತಿ ಕೂರುತ್ತಿದ್ದೆ. ಪಿಎಚ್‌ಡಿಗೆಂದು ಬೆಂಗಳೂರಿಗೆ ಬಂದ ಮೇಲೆ ಅದೇ ಯೂರಿಯಾ ನನ್ನ ಅರ್ಧ ವರ್ಷವನ್ನು ನುಂಗಿತು.

ನನ್ನ ಕೆಲಸ ಡಯಾಲಿಸಿಸ್ ರೋಗಿಗಳ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿನ ಮೇಲೆ. ಪ್ರೋಟೀನ್ ತಯಾರಾದ ಮೇಲೂ ಅದರ ಮೈಗೆ ಏನಾದರೊಂದು ಅಂಟಿಕೊಳ್ಳುತ್ತಲೇ ಇರುತ್ತದೆ: ಫಾಸ್ಫೇಟ್, ಅಸಿಟೈಲ್, ಸಕ್ಕರೆ. ಶುಗರ್ ಇರುವವರು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದೂ ಹಿಮೋಗ್ಲೋಬಿನ್ನಿಗೆ ಅಂಟಿದ ಗ್ಲೂಕೋಸನ್ನೇ. ಮಾಸ್ ಸ್ಪೆಕ್ಟ್ರೋಮೀಟರ್ ಇವನ್ನೆಲ್ಲ ತೂಕದಿಂದ ಗುರುತು ಹಿಡಿಯುತ್ತದೆ. ಫಾಸ್ಫೇಟ್ ಇದ್ದರೆ 80 ಡಾಲ್ಟನ್ (ಅಣುಗಳ ತೂಕದ ಅಳತೆ) ಹೆಚ್ಚು, ಅಸಿಟೈಲ್ ಇದ್ದರೆ 42. ನಾನು ಹುಡುಕುತ್ತಿದ್ದದ್ದು 43, ಅಂದರೆ ಕಾರ್ಬಮೈಲ್. ಮೂತ್ರಪಿಂಡ ಸೋತು ರಕ್ತದಲ್ಲಿ ಯೂರಿಯಾ ಏರಿದಾಗ ಅದರ ಒಂದು ಸಣ್ಣ ಪಾಲು ಸಯನೇಟ್ ಆಗಿ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಹತ್ತಿಕೊಳ್ಳುತ್ತದೆ.

ಮೊದಲ ಸಲಕ್ಕೇ 43 ಸಿಕ್ಕಿತು. ಒಂದೆರಡು ಕಡೆಯಲ್ಲ, ಕಣ್ಣು ಹಾಯಿಸಿದಲ್ಲೆಲ್ಲ. ಆರೋಗ್ಯವಂತರ ಸ್ಯಾಂಪಲ್‌ಗಳಲ್ಲಿ ಅಷ್ಟೇನೂ ಇಲ್ಲ. ಲ್ಯಾಬ್ ಮೀಟಿಂಗಿಗೆ ಸ್ಲೈಡ್ ಮಾಡಿದೆ. ಬಣ್ಣ ಆರಿಸುವುದಕ್ಕೇ ಒಂದು ಸಂಜೆ ಹೋಯಿತು.

ಗೈಡ್ ಮೇಡಂ ಬಣ್ಣ ನೋಡಲಿಲ್ಲ. "ಪೆಪ್ಟೈಡ್‌ಗಳ ತುದಿಯಲ್ಲೂ ಇದೆಯಲ್ಲಮ್ಮ?" ಅಂದರು. ಪೆಪ್ಟೈಡ್ ಅಂದರೆ ಕತ್ತರಿಸಿದ ಪ್ರೋಟೀನಿನ ತುಂಡು.

"ಹೌದು ಮೇಡಂ, ಅಲ್ಲೇ ಜಾಸ್ತಿ."

"ಆ ತುದಿ ರೋಗಿಯ ಮೈಯಲ್ಲಿ ಎಲ್ಲಿತ್ತು?"

ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಆಲ್ಬುಮಿನ್ 585 ಅಮೈನೋ ಆಮ್ಲಗಳ ಒಂದೇ ಸರ; ಅದಕ್ಕೆ ಆರಂಭದ ತುದಿಯೂ ಒಂದೇ. ಮಿಕ್ಕ ತುದಿಗಳೆಲ್ಲ ನಾನು ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಸರವನ್ನು ಕತ್ತರಿಸಿದಾಗ ಹುಟ್ಟಿದವು. ಅವಕ್ಕೂ 43 ಅಂಟಿದೆ ಅಂದರೆ ಅಂಟಿಸಿದವಳು ನಾನೇ.

ಪ್ರೋಟೀನಿನ ಮಡಿಕೆ ಬಿಚ್ಚಲು ನಾವು 8 ಮೋಲಾರ್ ಯೂರಿಯಾ ಬಳಸುತ್ತೇವೆ, ಲೀಟರಿಗೆ ಸುಮಾರು 480 ಗ್ರಾಂ. ಅಷ್ಟು ಸುರಿದರೆ ಟ್ಯೂಬು ತಣ್ಣಗಾಗಿ, ಕರಗುವುದಕ್ಕೇ ಸತಾಯಿಸುತ್ತದೆ. ಜನವರಿಯ ಚಳಿ ಬೇರೆ. ನಾನು 60 ಡಿಗ್ರಿ ವಾಟರ್ ಬಾತಿನಲ್ಲಿಟ್ಟು ಕರಗಿಸಿದೆ, ಮಿಕ್ಕಿದ್ದನ್ನು ಬೆಂಚಿನ ಮೇಲೇ ಇಟ್ಟುಕೊಂಡು ವಾರಗಟ್ಟಲೆ ಬಳಸಿದೆ. ಬಿಸಿ ತಾಗಿದರೂ ಹಳತಾದರೂ ಯೂರಿಯಾದ ದ್ರಾವಣದಲ್ಲಿ ಸಯನೇಟ್ ಕೂಡುತ್ತದೆ. 1828ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ ಅಮೋನಿಯಂ ಸಯನೇಟಿನಿಂದ ಯೂರಿಯಾ ಮಾಡಿದ್ದನ್ನು ಬಿಎಸ್ಸಿಯಲ್ಲಿ ಬಾಯಿಪಾಠ ಹೊಡೆದಿದ್ದೆ. ಬಂದ ದಾರಿಯಲ್ಲೇ ಅದು ವಾಪಸ್ಸೂ ಹೋಗುತ್ತದೆಂದು ಹೊಳೆದಿರಲಿಲ್ಲ. ಆರೋಗ್ಯವಂತರ ಸ್ಯಾಂಪಲ್ ಮಾಡಿದ್ದು ಏಪ್ರಿಲ್‌ನಲ್ಲಿ, ಬಿಸಿ ಮಾಡದೆ ಕರಗಿಸಿದ ಹೊಸ ಯೂರಿಯಾದಲ್ಲಿ. ನನ್ನ ಚೆಂದದ ಸ್ಲೈಡು ಜನವರಿಯನ್ನು ಏಪ್ರಿಲ್ ಜೊತೆ ಹೋಲಿಸಿತ್ತು.

ಫೋನಿನಲ್ಲಿ ಹೇಳಿಕೊಂಡಾಗ ಅಪ್ಪ, "ಕರಗ್ಲಿಲ್ಲ ಅಂತ ಬಿಸಿ ಮಾಡ್ದ್ಯಾ? ಸ್ವಲ್ಪ ಕಾಯ್ಬಾರ್ದಿತ್ತಾ?" ಅಂದರು.

ಎಲ್ಲ ಮೊದಲಿನಿಂದ. ಯೂರಿಯಾ ಬಿಟ್ಟು, ಮಡಿಕೆ ಬಿಚ್ಚುವ ಇನ್ನೊಂದು ರಾಸಾಯನಿಕ ಗ್ವಾನಿಡಿನ್ ಹೈಡ್ರೋಕ್ಲೋರೈಡ್ ಹಿಡಿದೆ. ಅದು ಟ್ರಿಪ್ಸಿನ್ನಿಗೆ ಆಗಿಬರುವುದಿಲ್ಲವಾದ್ದರಿಂದ ಕತ್ತರಿಸುವ ಮುಂಚೆ ಚೆನ್ನಾಗಿ ಡೈಲ್ಯೂಟ್ ಮಾಡಬೇಕು. ರೋಗಿಗಳದ್ದೂ ಆರೋಗ್ಯವಂತರದ್ದೂ ಒಂದೇ ದಿನ, ಕಲೆಸಿದ ಕ್ರಮದಲ್ಲಿ, ಟ್ಯೂಬಿನ ಮೇಲೆ ಬರೀ ನಂಬರು. ಯೂರಿಯಾನೇ ಬೇಕು ಅನ್ನುವವರು ಅದೇ ದಿನ ಕರಗಿಸಿ, ಅಮೋನಿಯಂ ಬೈಕಾರ್ಬನೇಟ್ ಸೇರಿಸಿ, ಬಿಸಿ ಮಾತ್ರ ತಾಗಿಸಬೇಡಿ. ಇನ್ನೊಂದು ಗುರುತು: ಕಾರ್ಬಮೈಲ್ ಕೂತ ಲೈಸಿನ್ ಹತ್ತಿರ ಟ್ರಿಪ್ಸಿನ್ ಕತ್ತರಿಸುವುದಿಲ್ಲ. ಹಾಗಾಗಿ ಮೈಯಲ್ಲೇ ಆದ ಬದಲಾವಣೆ ಉದ್ದ ಪೆಪ್ಟೈಡಿನ ನಡುವೆ ಸಿಗಬೇಕು. ಲೈಸಿನ್ನಿನಲ್ಲೇ ಮುಗಿಯುವ ತುಂಡಿನಲ್ಲಿ ಆ ಕೊನೆಯ ಲೈಸಿನ್ ಮೇಲೆ 43 ಕಂಡರೆ ನಾನು ನಂಬುವುದಿಲ್ಲ.

ಈ ಸಲ ತುದಿಗಳ 43 ಮಾಯ. ಅದರ ಜೊತೆ ನನ್ನ ಪಟ್ಟಿಯ ಬಹುಪಾಲೂ ಹೋಯಿತು. ಉಳಿದವು ಕೆಲವೇ ಲೈಸಿನ್‌ಗಳು, ರೋಗಿಗಳಲ್ಲಿ ಎದ್ದು ಕಾಣುವಂತೆ. ಅವುಗಳಲ್ಲಿ 549ನೆಯದೂ ಇತ್ತು. ಅಲ್ಲಿ ಕಾರ್ಬಮೈಲ್ ಕೂರುವುದು 2013ರಲ್ಲೇ ಪ್ರಕಟವಾಗಿದೆ. ಕಾರ್ಬಮೈಲ್ ಹತ್ತಿದ ಆಲ್ಬುಮಿನ್ ಹೆಚ್ಚಿದ್ದ ಡಯಾಲಿಸಿಸ್ ರೋಗಿಗಳಲ್ಲಿ ಸಾವಿನ ಅಪಾಯವೂ ಹೆಚ್ಚಿತ್ತು. ಹೊಸದೇನಲ್ಲ, ಆದರೂ ಇರಬೇಕಾದ ಜಾಗದಲ್ಲಿ ಇದ್ದದ್ದು ಕಂಡು ಅವತ್ತು ಕ್ಯಾಂಟೀನಿನಲ್ಲಿ ಎರಡು ಕಾಫಿ ಕುಡಿದೆ.

ಆಲ್ಬುಮಿನ್ನಿನ ಅರ್ಧಾಯುಷ್ಯ, ಅಂದರೆ ಇರುವುದರಲ್ಲಿ ಅರ್ಧ ಕರಗಿಹೋಗಲು ಬೇಕಾದ ಕಾಲ, ಸುಮಾರು 20 ದಿನ. ಅದಕ್ಕೇ ಈಗ ಅದೇ ರೋಗಿಗಳ ರಕ್ತವನ್ನು ಮೂರು ವಾರಕ್ಕೊಮ್ಮೆ ನೋಡುತ್ತಿದ್ದೇನೆ. ಡಯಾಲಿಸಿಸ್‌ಗೆ ಸೂಜಿ ಹಾಕಿದಾಗಲೇ ತೆಗೆಯುವುದರಿಂದ ಅವರಿಗೆ ಇನ್ನೊಂದು ಚುಚ್ಚು ತಪ್ಪುತ್ತದೆ.