ಪುಣೆಯಲ್ಲಿ ಕೂತು ರೇಡಿಯೊ ಆಕಾಶದ ಸರ್ವೆಗೆ ಕೈಹಾಕುವುದು ಹೇಗೆ

ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಗೆ ಎಂಎಸ್ಸಿ ಓದಲು ಬಂದವರು ನನ್ನನ್ನು ಮೊದಲು ಕೇಳುವುದು ಒಂದೇ: "ಟೆಲಿಸ್ಕೋಪು ನಮ್ಮ ಕೈಗೆ ಯಾವಾಗ ಸಿಗುತ್ತೆ?" ಶುರು ಮಾಡಲು ಅದು ಬೇಕಾಗಿಯೇ ಇಲ್ಲ. ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಆಗಲೇ ಅಳೆದು ಇಟ್ಟಿದ್ದಾರೆ, ಫೈಲುಗಳು ಪುಕ್ಕಟೆ ಸಿಗುತ್ತವೆ, ನೋಡುವವರೇ ಕಡಿಮೆ.

ಸರ್ವೆ ಅಂದರೆ ನಮಗೆ ಇಷ್ಟವಾದ ಒಂದು ಗ್ಯಾಲಕ್ಸಿಯ ಕಡೆ ಆಂಟೆನಾ ತಿರುಗಿಸುವುದಲ್ಲ. ಊರಿನ ಸರ್ವೆಯವರು ಒಂದು ಹೊಲವನ್ನೂ ಬಿಡದೆ ಚೈನು ಎಳೆಯುತ್ತಾರಲ್ಲ, ಹಾಗೆ. ನಮ್ಮ ಪಕ್ಕದಲ್ಲೇ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ, ಜಿಎಂಆರ್‌ಟಿ ಅನ್ನುವ ರೇಡಿಯೊ ಟೆಲಿಸ್ಕೋಪು ಇದೆ: 45 ಮೀಟರ್ ಅಗಲದ 30 ಡಿಶ್‌ಗಳು, 25 ಕಿಲೋಮೀಟರ್ ಹರವು. 2010ರಿಂದ 2012ರವರೆಗೆ ಅದು 150 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸುಮಾರು 90 ಶೇಕಡಾ ಭಾಗವನ್ನು ನೋಡಿತು. ಆ ಸರ್ವೆಯ ಹೆಸರೇ ಟಿಜಿಎಸ್‌ಎಸ್. ಆ ಕಚ್ಚಾ ಡೇಟಾವನ್ನು ಬೇರೆ ತಂಡವೊಂದು ಹೊಸದಾಗಿ ಸಂಸ್ಕರಿಸಿ 2017ರಲ್ಲಿ ಕ್ಯಾಟಲಾಗ್ ಪ್ರಕಟಿಸಿತು, ಅದರಲ್ಲಿ 6.2 ಲಕ್ಷ ಸೋರ್ಸ್‌ಗಳಿವೆ, ಅಂದರೆ ರೇಡಿಯೊ ಅಲೆ ಸೂಸುವ ತಾಣಗಳು. ಬೇರೆಯವರು ಹಿಡಿದ ಡೇಟಾದಿಂದಲೂ ದೊಡ್ಡ ಕೆಲಸ ಆಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಲ್ಯಾಪ್‌ಟಾಪ್ ತೆಗೆಯಿರಿ. ಆಕಾಶದ ಚಿತ್ರ ತೋರಿಸುವ ಅಲಾಡಿನ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರಲ್ಲಿ ಟಿಜಿಎಸ್‌ಎಸ್ ಮತ್ತು ಎನ್‌ವಿಎಸ್‌ಎಸ್ ಎರಡನ್ನೂ ತೆರೆದು 3ಸಿ 31 ಅಂತ ಹುಡುಕಿ, ಅದೊಂದು ರೇಡಿಯೊ ಗ್ಯಾಲಕ್ಸಿ. ಎನ್‌ವಿಎಸ್‌ಎಸ್ ಅಮೆರಿಕದ ವಿಎಲ್‌ಎ ಟೆಲಿಸ್ಕೋಪು 1400 ಮೆಗಾಹರ್ಟ್ಸ್‌ನಲ್ಲಿ ಮಾಡಿದ ಸರ್ವೆ, ಅದರಲ್ಲಿ ಸುಮಾರು 18 ಲಕ್ಷ ಸೋರ್ಸ್‌ಗಳಿವೆ. ಗ್ಯಾಲಕ್ಸಿಯ ಎರಡೂ ಕಡೆ ಹೊಗೆಯ ಬಾಲದ ಹಾಗೆ ಚಾಚಿಕೊಂಡಿರುವುದನ್ನು ಸುಮ್ನೆ ಹತ್ತು ನಿಮಿಷ ನೋಡಿ. ಕಣ್ಣು ಪಳಗಬೇಕು, ಅಷ್ಟೇ.

ಆಮೇಲೆ ಲೆಕ್ಕ. ಒಂದು ಸೋರ್ಸಿನ ಹೊಳಪು 150 ಮೆಗಾಹರ್ಟ್ಸ್‌ನಲ್ಲಿ 480 ಮಿಲಿಜಾನ್ಸ್ಕಿ, 1400ರಲ್ಲಿ 100 ಇದೆ ಅನ್ನಿ (ಮಿಲಿಜಾನ್ಸ್ಕಿ ಅಂದರೆ ರೇಡಿಯೊ ಹೊಳಪಿನ ಅಳತೆ). 480/100, ಅಂದರೆ 4.8ರ ಲಾಗ್ ಅನ್ನು 1400/150, ಅಂದರೆ 9.33ರ ಲಾಗ್‌ನಿಂದ ಭಾಗಿಸಿ, ಮುಂದೆ ಮೈನಸ್ ಹಾಕಿ: -0.7. ಇದೇ ಸ್ಪೆಕ್ಟ್ರಲ್ ಇಂಡೆಕ್ಸ್, ಆವರ್ತನ ಏರಿದಂತೆ ಹೊಳಪು ಎಷ್ಟು ಬೇಗ ಇಳಿಯುತ್ತೆ ಅನ್ನುವ ಸಂಖ್ಯೆ; ಸಾಮಾನ್ಯ ರೇಡಿಯೊ ಗ್ಯಾಲಕ್ಸಿಗಳೆಲ್ಲ ಇದರ ಆಸುಪಾಸಿನಲ್ಲೇ ಇರುತ್ತವೆ. -1.3ಕ್ಕಿಂತ ಕಡಿದಾಗಿ ಇಳಿಯುವುದು ಸಿಕ್ಕರೆ ಅದನ್ನು ಪಕ್ಕಕ್ಕೆ ಎತ್ತಿಡಿ. ಬಹಳ ದೂರದ ಗ್ಯಾಲಕ್ಸಿ ಇರಬಹುದು, ಆರಿಹೋಗುತ್ತಿರುವ ಹಳೆಯದಿರಬಹುದು, ಪಲ್ಸಾರ್ (ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರ) ಕೂಡ ಇರಬಹುದು. 150ರಲ್ಲಿ 50 ಮಿಲಿಜಾನ್ಸ್ಕಿ ಇದ್ದು ಎನ್‌ವಿಎಸ್‌ಎಸ್‌ನಲ್ಲಿ ಕಾಣುವುದೇ ಇಲ್ಲ ಅಂದರೆ ಇನ್ನೂ ಮಜಾ.

ಆದರೆ ಕ್ಯಾಟಲಾಗನ್ನು ಕಣ್ಣುಮುಚ್ಚಿ ನಂಬಬೇಡಿ. ನಾನು ನಂಬಿ ಕೆಟ್ಟಿದ್ದೇನೆ. ಎರಡು ಪಟ್ಟಿ ಹೊಂದಿಸುವಾಗ ಮಾಮೂಲಿ -0.7 ಬಿಟ್ಟು -0.4 ಇರುವ ಒಂದು ಸೋರ್ಸ್ ಸಿಕ್ಕಿ ಮೂರು ದಿನ ಕುಣಿದಾಡಿದೆ, ಗೈಡ್‌ಗೂ ಹೇಳಿಬಿಟ್ಟೆ. ಅವರು ಏನೂ ಮಾತಾಡದೆ ಚಿತ್ರ ತೆರೆದು ತೋರಿಸಿದರು. ಟಿಜಿಎಸ್‌ಎಸ್‌ನ ಬೀಮ್, ಅಂದರೆ ಅದು ಬಿಡಿಸಿ ತೋರಿಸುವ ಅತಿ ಸಣ್ಣ ಗಾತ್ರ, 25 ಆರ್ಕ್‌ಸೆಕೆಂಡ್, ಎನ್‌ವಿಎಸ್‌ಎಸ್‌ದು 45. ಮೊದಲನೆಯದರಲ್ಲಿ ಗ್ಯಾಲಕ್ಸಿಯ ಎರಡು ಲೋಬ್ (ಎರಡು ಪಕ್ಕದ ರೇಡಿಯೊ ಮೋಡಗಳು) ಪಟ್ಟಿಯಲ್ಲಿ ಬೇರೆಬೇರೆ ಸಾಲಾಗಿ ಕೂತಿದ್ದವು, ಎರಡನೆಯದರಲ್ಲಿ ಅಂಟಿಕೊಂಡು ಒಂದೇ ಸಾಲು. ನಾನು ಅರ್ಧವನ್ನು ಪೂರ್ತಿಯ ಜೊತೆ ಹೋಲಿಸಿದ್ದೆ! ಹಾಗಾಗಿ ಪಟ್ಟಿ ಹೊಂದಿಸುವ ಟಾಪ್‌ಕ್ಯಾಟ್ ಸಾಫ್ಟ್‌ವೇರ್‌ನಲ್ಲಿ ಲಕ್ಷ ಸಾಲು ಹೊಂದಿಸಿದರೂ, ನಿಮ್ಮ ಕೊನೆಯ ಪಟ್ಟಿಯಲ್ಲಿ ಉಳಿದ ಪ್ರತಿಯೊಂದರ ಚಿತ್ರವನ್ನೂ ತೆರೆದು ನೋಡಿ, ಬೇಜಾರಾದರೂ ಸರಿ.

ಇಷ್ಟು ಕೈಗೆ ಬಂದ ಮೇಲೆ ಕಚ್ಚಾ ಡೇಟಾಕ್ಕೆ ಇಳಿಯಿರಿ. ಜಿಎಂಆರ್‌ಟಿ ಆರ್ಕೈವ್‌ನಲ್ಲಿ ಹಳೆಯ ವೀಕ್ಷಣೆಗಳು ಸಿಗುತ್ತವೆ. ಕಚ್ಚಾ ಡೇಟಾದಿಂದ ಚಿತ್ರ ಮಾಡುವ ಕಾಸಾ ಸಾಫ್ಟ್‌ವೇರ್ ಕಲಿಯಿರಿ, ಲಿನಕ್ಸ್ ಬರಲೇಬೇಕು. ಮೊದಲ ಸಲ ಅರ್ಧ ಡೇಟಾ ಮೊಬೈಲು, ಕರೆಂಟು ತಂತಿ ಇಂಥವುಗಳ ಗದ್ದಲದಲ್ಲೇ ಹಾಳಾಗಿದೆ ಅನ್ನಿಸುತ್ತೆ. 150ರಲ್ಲಂತೂ ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಕೂಡ ಸೋರ್ಸ್‌ಗಳನ್ನು ಅಲುಗಾಡಿಸಿ ಕಾಟ ಕೊಡುತ್ತೆ. ರಾತ್ರಿ ಈ ಕಾಟ ಕಡಿಮೆ, ಅದಕ್ಕೇ ಇಲ್ಲಿ ರಾತ್ರಿಯ ವೀಕ್ಷಣೆಗೆ ಜಾಸ್ತಿ ಬೆಲೆ. ರೇಡಿಯೊಗೆ ಹಗಲು-ರಾತ್ರಿ ಒಂದೇ ಅಂತ ಪುಸ್ತಕ ಹೇಳಲಿ ಬಿಡಿ.

ಪಿಎಚ್‌ಡಿಗೆ ದಾರಿ: ಜೆಸ್ಟ್ ಪ್ರವೇಶ ಪರೀಕ್ಷೆ ಬರೆಯಿರಿ, ಸಂದರ್ಶನಕ್ಕೆ ಹೋಗಿ. ಪುಣೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೇ ಎನ್‌ಸಿಆರ್‌ಎ, ಐಯುಕಾ ಅನ್ನುವ ಎರಡು ಖಗೋಳ ಸಂಶೋಧನಾ ಸಂಸ್ಥೆಗಳಿವೆ, ಅವು ನಡೆಸುವ ವಿದ್ಯಾರ್ಥಿ ಶಿಬಿರಗಳಿಗೆ ಅರ್ಜಿ ಹಾಕಿ. ಸಂದರ್ಶನದಲ್ಲಿ "ಆಸಕ್ತಿ ಇದೆ ಸಾರ್" ಅನ್ನುವುದಕ್ಕಿಂತ ನೀವೇ ಮಾಡಿದ ಒಂದು ಚಿತ್ರ, ಅದರಲ್ಲಿ ಮಾಡಿದ ಒಂದು ತಪ್ಪು ಹೇಳಿದರೆ ಮಾತು ಮುಂದೆ ಹೋಗುತ್ತೆ.

ಒಮ್ಮೆ ಖೋಡದ್‌ಗೂ ಹೋಗಿ ಬನ್ನಿ, ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಒಳ್ಳೆಯದು. ನಾಸಿಕ್ ಕಡೆಯ ಎಸ್‌ಟಿ ಬಸ್ಸು ಹತ್ತಿ ನಾರಾಯಣಗಾಂವ್‌ನಲ್ಲಿ ಇಳಿದು, ಮಿಸಳ್ ತಿಂದು, ಅಲ್ಲಿಂದ ಟೊಮೆಟೊ ಹೊಲಗಳ ನಡುವೆ ಸಿಕ್ಕ ಗಾಡಿಯಲ್ಲಿ ಹೋಗುವುದು. ಡಿಶ್ ಹತ್ತಿರ ಹೋಗುವ ಮೊದಲು ಫೋನ್ ಸ್ವಿಚ್ ಆಫ್ ಮಾಡಿ. ಸೈಲೆಂಟ್ ಅಲ್ಲ, ಪೂರ್ತಿ ಆಫ್.